ಆನ್‌ಲೈನ್ ಗೇಮಿಗೆ ಕಡಿಮೆ ರೊಕ್ಕದ ಡೆಸ್ಕ್‌ಟಾಪ್: ಹುಬ್ಬಳ್ಳಿ ಕಡೆಯವರು ಏನೇನು ನೋಡಿ ಕೊಳ್ಳಬೇಕು

"ಐ7 ಐತ್ರಿ, 16 ಜಿಬಿ ರ‍್ಯಾಮ್ ಐತ್ರಿ, ಒಳಗ ಬಣ್ಣಬಣ್ಣದ ಲೈಟ್ ಅದಾವ್ರಿ, ಎಲ್ಲಾ ಗೇಮ್ ನಡೀತಾವ್ರಿ."

ಅಂಗಡಿಯವರ ಈ ಮಾತಿನಲ್ಲಿ ಸುಳ್ಳು ಇಲ್ಲದಿರಬಹುದು. ಆದರೆ ಕೊಳ್ಳುವವರಿಗೆ ಬೇಕಾದದ್ದೂ ಇಲ್ಲ. ಐ7 ಎಂಬುದು ಇಂಟೆಲ್ ಪ್ರೊಸೆಸರ್‌ಗಳ (ಕಂಪ್ಯೂಟರಿನ ಮಿದುಳು) ಒಂದು ಸಾಲಿನ ಹೆಸರು. ಅದರಲ್ಲಿ ಯಾವ ಐ7? 2012ರಲ್ಲಿ ಬಂದ ಐ7-3770 ಕೂಡ ಐ7ನೇ. 2022ರ ಐ3-12100 ಅದಕ್ಕಿಂತ ಎಷ್ಟೋ ಚುರುಕು. ಏಳು ದೊಡ್ಡದು, ಮೂರು ಸಣ್ಣದು ಎಂದು ಲೆಕ್ಕ ಹಾಕಿ ಹಳೆಯದನ್ನು ಮನೆಗೆ ತಂದವರು ಆರು ತಿಂಗಳಲ್ಲೇ ಇನ್ನೊಂದು ಹುಡುಕುತ್ತಾರೆ. ಹಾಗಾಗಿ ಬೇರೆಲ್ಲಕ್ಕಿಂತ ಮೊದಲು ಇದೊಂದನ್ನು ಗಟ್ಟಿ ಮಾಡಿಕೊಳ್ಳಿ: ಪ್ರತಿ ಬಿಡಿಭಾಗದ ಪೂರ್ತಿ ಮಾಡೆಲ್ ನಂಬರ್ ಬರೆದುಕೊಡದ ಕೊಟೇಶನ್ನಿಗೆ ಅಡ್ವಾನ್ಸ್ ಕೊಡಬೇಡಿ. ಪ್ರೊಸೆಸರ್, ಮದರ್‌ಬೋರ್ಡ್, ರ‍್ಯಾಮ್, ಎಸ್‌ಎಸ್‌ಡಿ (ಆಟ, ಫೈಲು ಉಳಿಯುವ ಡಿಸ್ಕ್), ಗ್ರಾಫಿಕ್ಸ್ ಕಾರ್ಡ್ (ಆಟದ ಚಿತ್ರ ಬಿಡಿಸುವ ಕಾರ್ಡ್), ಎಸ್‌ಎಂಪಿಎಸ್ (ಒಳಗಿನ ಭಾಗಗಳಿಗೆ ಕರೆಂಟ್ ಕೊಡುವ ಡಬ್ಬಿ), ಕ್ಯಾಬಿನೆಟ್ – ಈ ಏಳಕ್ಕೂ ಕಂಪನಿ, ಮಾಡೆಲ್, ವಾರಂಟಿ, ದರ ಬೇರೆ ಬೇರೆ ಸಾಲಿನಲ್ಲಿ ಇರಬೇಕು.

ಇಂಟೆಲ್ ನಂಬರ್ ಓದುವುದು ಸುಲಭ. ಅಡ್ಡಗೆರೆಯ ನಂತರ ನಾಲ್ಕು ಅಂಕಿ ಇದ್ದರೆ ಮೊದಲನೇ ಅಂಕಿಯೇ ತಲೆಮಾರು; ಐದು ಅಂಕಿ ಇದ್ದರೆ ಮೊದಲ ಎರಡು. ಐ5-8500 ಎಂಟನೇ ತಲೆಮಾರು, ಐ5-12400 ಹನ್ನೆರಡನೇ ತಲೆಮಾರು. ಕೊನೆಗೆ 'ಎಫ್' ಇದ್ದರೆ ಪ್ರೊಸೆಸರಿನೊಳಗೆ ಗ್ರಾಫಿಕ್ಸ್ ಇಲ್ಲ ಎಂದರ್ಥ. ಬೇರೆ ಕಾರ್ಡ್ ಹಾಕದೆ ಮಾನಿಟರಿಗೆ ಚಿತ್ರವೇ ಬರುವುದಿಲ್ಲ. ಎಎಂಡಿ ರೈಝನ್‌ನಲ್ಲಿ ಕೊನೆಗೆ 'ಜಿ' ಇದ್ದರೆ (5600ಜಿ, 8600ಜಿ) ಆಟಕ್ಕೆ ಸಾಕಾಗುವ ಗ್ರಾಫಿಕ್ಸ್ ಒಳಗೇ ಇದೆ. ಬರೀ 5500, 5600 ಎಂದಿದ್ದರೆ ಕಾರ್ಡ್ ಬೇಕೇ ಬೇಕು.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಅಧಿಕೃತವಾಗಿ ಕೂರಬೇಕಾದರೆ ಇಂಟೆಲ್ ಎಂಟನೇ ತಲೆಮಾರಾದರೂ ಇರಬೇಕು, ಜೊತೆಗೆ ಟಿಪಿಎಂ 2.0 (ಭದ್ರತೆಯ ಚಿಪ್) ಬೇಕು. ರೈಝನ್ ಆದರೆ 3000ದ ಸಾಲಿನಿಂದ ಮೇಲಿನದನ್ನೇ ನೋಡಿ. ಇದು ಬರೀ ಅಪ್‌ಡೇಟಿನ ಮಾತಲ್ಲ. ವಿಂಡೋಸ್ 11ರಲ್ಲಿ ವ್ಯಾಲೊರಂಟ್ ಆಡಲು ಅದರ ವ್ಯಾನ್‌ಗಾರ್ಡ್ ಎಂಬ ಕಾವಲು ಸಾಫ್ಟ್‌ವೇರ್ ಟಿಪಿಎಂ 2.0 ಮತ್ತು ಸೆಕ್ಯೂರ್ ಬೂಟ್ (ಆನ್ ಆಗುವಾಗ ನಂಬಿಕೆಯ ಸಾಫ್ಟ್‌ವೇರ್ ಮಾತ್ರ ಬಿಡುವ ವ್ಯವಸ್ಥೆ) ಎರಡನ್ನೂ ಕೇಳುತ್ತದೆ. ಮೂರನೇ, ನಾಲ್ಕನೇ ತಲೆಮಾರಿನ ಯಂತ್ರಕ್ಕೆ ಅಡ್ಡದಾರಿಯಲ್ಲಿ ವಿಂಡೋಸ್ 11 ಹಾಕಿಕೊಟ್ಟರೆ ಯೂಟ್ಯೂಬ್ ನಡೆಯುತ್ತದೆ, ಆಟ ತೆರೆಯುವುದಿಲ್ಲ.

ಯಾವ ಆಟ, ಅದನ್ನು ಮೊದಲು ಹೇಳಿ

ಹುಡುಗರು ಹೆಚ್ಚಾಗಿ ಮೊಬೈಲಿನಿಂದ ಕಂಪ್ಯೂಟರಿಗೆ ಬರುವವರು. ಬಿಜಿಎಂಐ ಆಡುವವರು ಒಂದು ಮಾತು ತಿಳಿದಿರಲಿ: ಅದು ಮೊಬೈಲ್ ಆಟ. ಎಮ್ಯುಲೇಟರ್ (ಮೊಬೈಲ್ ಆಪ್ ಓಡಿಸುವ ಸಾಫ್ಟ್‌ವೇರ್) ಹಾಕಿ ಕಂಪ್ಯೂಟರಿನಲ್ಲಿ ಆಡಲು ಅನುಮತಿ ಇಲ್ಲ, ಅಕೌಂಟ್ ಬ್ಯಾನ್ ಆಗಬಹುದು. ಕಂಪ್ಯೂಟರಿನ ಪಬ್‌ಜಿ ಬ್ಯಾಟಲ್‌ಗ್ರೌಂಡ್ಸ್ ಬೇರೆಯೇ ಆಟ. 2022ರ ಜನವರಿಯಿಂದ ಉಚಿತ, ಆದರೆ ಯಂತ್ರದ ಮೇಲೆ ಅದರ ಭಾರ ಬಹಳ.

ಆಟಗಳನ್ನು ಭಾರದ ಮೇಲೆ ವಿಂಗಡಿಸಿಕೊಳ್ಳಿ. ವ್ಯಾಲೊರಂಟ್, ಲೀಗ್ ಆಫ್ ಲೆಜೆಂಡ್ಸ್, ಡೋಟಾ 2 ಹಗುರ. ಒಳ್ಳೆಯ 'ಜಿ' ಪ್ರೊಸೆಸರ್ ಒಂದೇ ಸಾಕು. ಕೌಂಟರ್-ಸ್ಟ್ರೈಕ್ 2 (ಸಿಎಸ್ 2) ಹಗುರ ಎಂದು ಬಹಳ ಜನ ತಿಳಿದಿದ್ದಾರೆ. ಹಳೆಯ ಸಿಎಸ್‌ಗೋ ಹಾಗಿತ್ತು. 2023ರ ಸೆಪ್ಟೆಂಬರಿನಲ್ಲಿ ಬಂದ ಈ ಹೊಸದು ಪ್ರೊಸೆಸರನ್ನೂ ಕಾರ್ಡನ್ನೂ ಚೆನ್ನಾಗಿ ದುಡಿಸುತ್ತದೆ, ಡಿಸ್ಕಿನಲ್ಲಿ 85 ಜಿಬಿ ಜಾಗ ಬೇಡುತ್ತದೆ. ಫೋರ್ಟ್‌ನೈಟ್, ಏಪೆಕ್ಸ್, ಜಿಟಿಎ ಆನ್‌ಲೈನ್, ಪಬ್‌ಜಿ ಇವಕ್ಕೆ ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದಿದ್ದರೆ ಆಟದ ರುಚಿ ಸಿಗುವುದಿಲ್ಲ.

ಆನ್‌ಲೈನ್ ಆಟದಲ್ಲಿ ಚಿತ್ರ ಎಷ್ಟು ಚೆಂದ ಎಂಬುದಕ್ಕಿಂತ ಎಷ್ಟು ಸಮನಾಗಿ ಓಡುತ್ತದೆ ಎಂಬುದು ಮುಖ್ಯ. ಸೆಕೆಂಡಿಗೆ 140 ಫ್ರೇಮ್ (ಚಿತ್ರ) ತೋರಿಸಿ, ಎದುರಾಳಿ ಕಂಡ ಕೂಡಲೇ 40ಕ್ಕೆ ಇಳಿಯುವ ಯಂತ್ರಕ್ಕಿಂತ ಸದಾ 80ರಲ್ಲಿ ನಿಲ್ಲುವ ಯಂತ್ರವೇ ಮೇಲು. ಹೀಗೆ ಕುಸಿಯಲು ಸಾಮಾನ್ಯ ಕಾರಣ ಒಂಟಿ ರ‍್ಯಾಮ್ ಕಡ್ಡಿ, ಕಾದ ಪ್ರೊಸೆಸರ್, ಅಥವಾ ತುಂಬಿಹೋದ ಡಿಸ್ಕ್. ಕಾರ್ಡ್ ಮಾತ್ರ ನೋಡಿ ಕೊಂಡವರಿಗೆ ಈ ಮೂರೂ ಕಾಡುತ್ತವೆ.

ಕಾರ್ಡ್ ಇಲ್ಲದ ದಾರಿ, ಕಾರ್ಡ್ ಇರುವ ದಾರಿ

ರೊಕ್ಕ ತೀರಾ ಬಿಗಿ ಇದ್ದರೆ ರೈಝನ್ 5 5600ಜಿ ಇಂದಿಗೂ ಒಳ್ಳೆಯ ಆಯ್ಕೆ. ಆರು ಕೋರ್, ಹನ್ನೆರಡು ಥ್ರೆಡ್. ಇದಕ್ಕೆ ಎಎಂ4 ಸಾಕೆಟ್ಟಿನ (ಪ್ರೊಸೆಸರ್ ಕೂರುವ ಜಾಗ) ಎ520 ಅಥವಾ ಬಿ550 ಬೋರ್ಡ್, 8 ಜಿಬಿಯ ಎರಡು ಡಿಡಿಆರ್4 3200 ಕಡ್ಡಿ, 500 ಜಿಬಿ ಅಥವಾ 1 ಟಿಬಿ ಎನ್‌ವಿಎಂಇ ಎಸ್‌ಎಸ್‌ಡಿ, 450 ವ್ಯಾಟ್‌ನ ಒಳ್ಳೆಯ ಎಸ್‌ಎಂಪಿಎಸ್. ವ್ಯಾಲೊರಂಟ್ 1080 ರೆಸಲ್ಯೂಶನ್‌ನಲ್ಲಿ (1920×1080 ಚುಕ್ಕೆಗಳ ಚಿತ್ರ), ಕಡಿಮೆ ಸೆಟ್ಟಿಂಗ್‌ನಲ್ಲಿ ನೂರು ಫ್ರೇಮಿನ ಆಸುಪಾಸು ಓಡುತ್ತದೆ. ಸಿಎಸ್ 2 ಅನ್ನು ಕಡಿಮೆ ಸೆಟ್ಟಿಂಗ್‌ನಲ್ಲಿ, ಬೇಕಾದರೆ ರೆಸಲ್ಯೂಶನ್ ಒಂದು ಮೆಟ್ಟಿಲು ಇಳಿಸಿ ಆಡಬಹುದು.

ಇಲ್ಲಿ ರ‍್ಯಾಮ್ ವಿಷಯದಲ್ಲಿ ಉಳಿತಾಯ ಮಾಡಲು ಹೋಗಬೇಡಿ. 'ಜಿ' ಪ್ರೊಸೆಸರಿನ ಗ್ರಾಫಿಕ್ಸಿಗೆ ಸ್ವಂತ ಮೆಮೊರಿ ಇಲ್ಲ, ಅದು ನಿಮ್ಮ ರ‍್ಯಾಮನ್ನೇ ಬಳಸುತ್ತದೆ. 16 ಜಿಬಿಯ ಒಂದೇ ಕಡ್ಡಿ ಹಾಕಿದರೆ ದಾರಿ ಒಂದೇ, 8ರ ಎರಡು ಹಾಕಿದರೆ ದಾರಿ ಎರಡು. ಅದೇ ಪ್ರೊಸೆಸರ್, ಅದೇ ಆಟ, ಫ್ರೇಮಿನಲ್ಲಿ ಮಾತ್ರ ಕಣ್ಣಿಗೆ ಕಾಣುವಷ್ಟು ವ್ಯತ್ಯಾಸ. "ಮುಂದ ಇನ್ನೊಂದು ಹಾಕ್ಕೋಬಹುದ್ರಿ" ಎಂದು ಒಂಟಿ ಕಡ್ಡಿ ಕೊಟ್ಟರೆ ಒಪ್ಪಬೇಡಿ. ಬಯೋಸ್‌ನಲ್ಲಿ (ಬೋರ್ಡಿನ ಮೂಲ ಸೆಟ್ಟಿಂಗ್) ಎಕ್ಸ್‌ಎಂಪಿ, ಅಂದರೆ ಕಡ್ಡಿಯನ್ನು ಪೂರ್ತಿ ವೇಗಕ್ಕೆ ಓಡಿಸುವ ಆಯ್ಕೆ, ಆನ್ ಮಾಡಿಸಿ. ಮಾಡದಿದ್ದರೆ 3200ರ ಕಡ್ಡಿ ಎಷ್ಟೋ ಬೋರ್ಡ್‌ಗಳಲ್ಲಿ 2400 ಅಥವಾ 2666ರಲ್ಲೇ ನಡೆಯುತ್ತದೆ. ಅಲ್ಲೇ ಗ್ರಾಫಿಕ್ಸಿಗೆ 2 ಜಿಬಿ ಮೀಸಲಿಡುವ ಆಯ್ಕೆಯೂ ಇರುತ್ತದೆ, ಅದನ್ನೂ ಇಡಿ.

2025ರ ಕೊನೆಯಿಂದ ರ‍್ಯಾಮ್ ಬೆಲೆ ಜಗತ್ತಿನಾದ್ಯಂತ ಜಿಗಿದಿದೆ. ಹಾಗಾಗಿ ಅದಕ್ಕೂ ಮುಂಚಿನ ವಿಡಿಯೋಗಳಲ್ಲಿ ಹೇಳಿದ ಒಟ್ಟು ಮೊತ್ತ ಈಗ ಹೊಂದುವುದಿಲ್ಲ. ಕೊಟೇಶನ್ ಅದೇ ವಾರದ್ದಿರಲಿ. ಮನೆಯಲ್ಲಿ ಹಳೆಯ ಯಂತ್ರದ ಡಿಡಿಆರ್4 ಕಡ್ಡಿ ಇದ್ದರೆ ಎಎಂ4 ಬೋರ್ಡಿಗೆ ಅದನ್ನು ಬಳಸಬಹುದು. ಲ್ಯಾಪ್‌ಟಾಪಿನದು ಬೇಡ, ಅದರ ಅಳತೆ ಬೇರೆ. 8600ಜಿಯಂಥವು ಕೂರುವ ಹೊಸ ಎಎಂ5 ಬೋರ್ಡಿಗೆ ಡಿಡಿಆರ್5 ಮಾತ್ರ. ಡಿಡಿಆರ್4 ಅದರಲ್ಲಿ ಕೂರುವುದೇ ಇಲ್ಲ.

ಕಾರ್ಡ್ ಹಾಕುವಷ್ಟು ರೊಕ್ಕ ಇದ್ದರೆ ಐ3-12100ಎಫ್, ಐ5-12400ಎಫ್, ರೈಝನ್ 5 5500 ಅಥವಾ 5600 ನೋಡಿ. ನಾಲ್ಕು ಕೋರಿನ 12100ಎಫ್ ಆಟಕ್ಕೆ ಸಾಕು. ಆದರೆ ಹಿಂದೆ ಡಿಸ್ಕಾರ್ಡ್, ಬ್ರೌಸರ್, ರೆಕಾರ್ಡಿಂಗ್ ಎಲ್ಲ ಓಡಿಸುವವರಿಗೆ ಆರು ಕೋರಿನ 12400ಎಫ್ ಅಥವಾ 5600 ನೆಮ್ಮದಿ. ಬಿ450 ಬೋರ್ಡಿಗೆ 5600 ಹಾಕುವುದಾದರೆ ಬಯೋಸ್ ಅಪ್‌ಡೇಟ್ ಆಗಿದೆಯೇ ಎಂದು ಕೇಳಿ, ಇಲ್ಲದಿದ್ದರೆ ಸ್ಕ್ರೀನ್ ಕಪ್ಪಾಗಿಯೇ ಇರುತ್ತದೆ. ಇಂಟೆಲ್‌ನಲ್ಲಿ ಎಚ್610 ಸಾಕು, ಬಿ760 ಇದ್ದರೆ ಇನ್ನೂ ಚೆನ್ನ. ಹೆಸರು ಕೇಳಿ ಮೋಸಹೋಗಬೇಡಿ: ಎಚ್61 ಮತ್ತು ಎಚ್610 ನಡುವೆ ಒಂದು ಸೊನ್ನೆ ಮಾತ್ರ ಅಂತರ, ಕಾಲದಲ್ಲಿ ಹತ್ತು ವರ್ಷ.

ಕಾರ್ಡುಗಳಲ್ಲಿ 1080 ಆಟಕ್ಕೆ ಹೇಳಿಮಾಡಿಸಿದ್ದು 8 ಜಿಬಿಯ ಆರ್‌ಎಕ್ಸ್ 6600. ಸುಮಾರು 132 ವ್ಯಾಟ್, ಎಂಟು ಪಿನ್ನಿನ ಒಂದು ವೈರು. ಆರ್‌ಟಿಎಕ್ಸ್ 3050 ಎರಡು ತರಹ ಬರುತ್ತದೆ. 8 ಜಿಬಿಯದು 130 ವ್ಯಾಟ್. 6 ಜಿಬಿಯದು 70 ವ್ಯಾಟ್, ವೇಗವೂ ಕಡಿಮೆ. ಬಿಲ್ಲಿನಲ್ಲಿ ಬರೀ '3050' ಎಂದಿದ್ದರೆ ಯಾವುದೆಂದು ಬರೆಸಿ. ಆರ್‌ಎಕ್ಸ್ 6500 ಎಕ್ಸ್‌ಟಿ ಅಗ್ಗ ಎಂದು 5600ಜಿ ಜೊತೆಗೆ ಹಾಕಬೇಡಿ. ಆ ಕಾರ್ಡಿಗೆ ಇರುವುದು ನಾಲ್ಕೇ ಪಿಸಿಐಇ ಲೇನ್ (ಕಾರ್ಡ್ ಮತ್ತು ಪ್ರೊಸೆಸರ್ ನಡುವೆ ಡೇಟಾ ಓಡುವ ದಾರಿ). 5600ಜಿ ಪ್ರೊಸೆಸರ್ ಹಳೆಯ, ನಿಧಾನದ ಪಿಸಿಐಇ 3.0 ಮಾತ್ರ ಕೊಡುತ್ತದೆ. ಆ ಕಾರ್ಡಿನ ಮೆಮೊರಿಯೂ 4 ಜಿಬಿಯೇ ಇರುವುದರಿಂದ, ಅದು ತುಂಬಿದೊಡನೆ ಈ ಇಕ್ಕಟ್ಟಿನ ದಾರಿಯಲ್ಲಿ ಡೇಟಾ ಸಿಕ್ಕಿಬಿದ್ದು ಆಟ ಜಗ್ಗುತ್ತದೆ.

ಹಂಚಿಕೆ ಹೀಗಿರಲಿ. ಮಾನಿಟರ್ ಬಿಟ್ಟು ಬರೀ ಯಂತ್ರಕ್ಕೆಂದು ಹತ್ತು ರೂಪಾಯಿ ಇಟ್ಟರೆ ಕಾರ್ಡಿಗೆ ಮೂರೂವರೆಯಿಂದ ನಾಲ್ಕು, ಪ್ರೊಸೆಸರ್ ಮತ್ತು ಬೋರ್ಡ್ ಸೇರಿ ಮೂರರೊಳಗೆ, ಉಳಿದದ್ದು ರ‍್ಯಾಮ್, ಎಸ್‌ಎಸ್‌ಡಿ, ಎಸ್‌ಎಂಪಿಎಸ್, ಕ್ಯಾಬಿನೆಟ್ಟಿಗೆ. ಲೈಟಿಗೆ ಬೇರೆ ಪಾಲು ಬೇಡ. ಕ್ಯಾಬಿನೆಟ್ಟಿನ ಮುಖ ಜಾಳಿಗೆಯದಿರಲಿ, ಮುಂದೆ ಎರಡು ಫ್ಯಾನ್ ಗಾಳಿ ಎಳೆಯಲಿ, ಹಿಂದೆ ಒಂದು ಹೊರಹಾಕಲಿ. ಮುಂದೆ ಗಾಜು ಮುಚ್ಚಿದ ಕ್ಯಾಬಿನೆಟ್ ಗದಗಿನ ಏಪ್ರಿಲ್ ಬಿಸಿಲಿನಲ್ಲಿ ಒಲೆಯಾಗುತ್ತದೆ.

ಎಸ್‌ಎಂಪಿಎಸ್: ಇಲ್ಲೇ ಹೆಚ್ಚು ಜನ ಮೋಸಹೋಗುವುದು

ಎಸ್‌ಎಂಪಿಎಸ್ ಹೊರಮೈಯಲ್ಲಿ ಒಂದು ಪಟ್ಟಿ ಅಂಟಿಸಿರುತ್ತಾರೆ. ದೊಡ್ಡಕ್ಷರದ '450' ನೋಡಿ ಬಿಡಬೇಡಿ. ಕೆಳಗಿನ ಕೋಷ್ಟಕದಲ್ಲಿ +12ವಿ ಎಂಬ ಕಾಲಂ ಹುಡುಕಿ, ಅದರ ಕೆಳಗೆ ಎಷ್ಟು ಆಂಪಿಯರ್ ಇದೆ ನೋಡಿ. 12ರಿಂದ ಗುಣಿಸಿ. 18 ಆಂಪಿಯರ್ ಇದ್ದರೆ 12 × 18 = 216 ವ್ಯಾಟ್. ಹೆಸರು 450, ಆದರೆ ಪ್ರೊಸೆಸರ್ ಮತ್ತು ಕಾರ್ಡ್ ದುಡಿಯುವ ಸಾಲಿನಲ್ಲಿ ಸಿಗುವುದು ಅರ್ಧವೂ ಇಲ್ಲ. ನಿಜವಾದ 450ರಲ್ಲಿ ಆ ಕಾಲಂನಲ್ಲಿ 35ರಿಂದ 37 ಆಂಪಿಯರ್ ಇರುತ್ತದೆ. ಮೇಲೆ '80 ಪ್ಲಸ್ ಬ್ರಾಂಝ್' ಗುರುತು ಇರಲಿ. ಕಾರ್ಡ್ ಇಲ್ಲದ ಯಂತ್ರಕ್ಕೆ 450, ಆರ್‌ಎಕ್ಸ್ 6600 ಹಾಕಿದ ಯಂತ್ರಕ್ಕೆ 500–550 ಸಾಕು. 750 ಎಂದು ಹೇಳಿ ಹೆಸರಿಲ್ಲದ ಡಬ್ಬಿ ಕೊಡುವುದಕ್ಕಿಂತ ಹೆಸರುಳ್ಳ 550 ಎಷ್ಟೋ ಮೇಲು.

ಅದೇ ಪಟ್ಟಿಯಲ್ಲಿ ಇನ್‌ಪುಟ್ ವೋಲ್ಟೇಜ್ ಕೂಡ ನೋಡಿ. 200–240 ಎಂದಿದ್ದರೆ ಪಂಪ್‌ಸೆಟ್ ಶುರುವಾಗಿ ವೋಲ್ಟೇಜ್ ಕುಸಿದಾಗ ಕಂಪ್ಯೂಟರ್ ರೀಸ್ಟಾರ್ಟ್ ಆಗುವ ಸಂಭವ ಹೆಚ್ಚು. 100–240 ಎಂದಿದ್ದರೆ ಅಂಥ ಕುಸಿತ ತಡೆದುಕೊಳ್ಳುತ್ತದೆ. ಶಿಗ್ಗಾಂವಿ, ರೋಣ, ನವಲಗುಂದದ ಹಳ್ಳಿಮನೆಗಳಿಗೆ ಇದೊಂದು ಸಾಲು ಬಹಳ ಮುಖ್ಯ.

ಕಮ್ಮಿ ಎಸ್‌ಎಂಪಿಎಸ್ ತೊಂದರೆ ಹೇಗೆ ಕಾಣುತ್ತದೆ? ಡೆಸ್ಕ್‌ಟಾಪಿನಲ್ಲಿ ಎಲ್ಲ ಸರಿ, ಆಟ ಶುರುವಾಗಿ ಹತ್ತು ನಿಮಿಷಕ್ಕೆ ಯಾವ ಎರರ್ ಇಲ್ಲದೆ ಥಟ್ಟನೆ ಆಫ್. ಎರರ್ ಬಂದು ಆಟ ಮಾತ್ರ ಮುಚ್ಚಿದರೆ ಅದು ಬೇರೆ ಕಾಯಿಲೆ: ಡ್ರೈವರ್, ರ‍್ಯಾಮ್ ಅಥವಾ ಆಟದ ಫೈಲು.

ಅರ್ಥಿಂಗ್, ಯುಪಿಎಸ್

ಕ್ಯಾಬಿನೆಟ್ಟಿನ ಲೋಹ ಮುಟ್ಟಿದಾಗ ಬೆರಳು ಜುಮ್ ಎಂದರೆ ಕಂಪ್ಯೂಟರ್ ಕೆಟ್ಟಿದೆ ಎಂದಲ್ಲ, ಸಾಮಾನ್ಯವಾಗಿ ಮನೆಗೆ ಅರ್ಥಿಂಗ್ ಇಲ್ಲ. ಎಸ್‌ಎಂಪಿಎಸ್ ಒಳಗಿನ ಫಿಲ್ಟರ್ ಕೆಪಾಸಿಟರ್‌ಗಳು ಸಣ್ಣ ಕರೆಂಟನ್ನು ಕ್ಯಾಬಿನೆಟ್ಟಿಗೆ ಬಿಡುತ್ತವೆ, ಅದು ಅರ್ಥ್ ವೈರಿನಲ್ಲಿ ಇಳಿದುಹೋಗಬೇಕು. ಇಳಿಯಲು ದಾರಿ ಇಲ್ಲದಿದ್ದರೆ ಹೆಡ್‌ಸೆಟ್ಟಿನಲ್ಲಿ ಗುಂಯ್ ಸದ್ದು, ಯುಎಸ್‌ಬಿ ಮೌಸ್ ನಡುನಡುವೆ ಕಡಿತ, ಕೊನೆಗೆ ಬೋರ್ಡಿಗೇ ಅಪಾಯ. ಎಲೆಕ್ಟ್ರಿಷಿಯನ್ ಕೈಯಿಂದ ಮಲ್ಟಿಮೀಟರ್ ಇಡಿಸಿ. ಫೇಸ್ ಮತ್ತು ನ್ಯೂಟ್ರಲ್ ನಡುವೆ 230ರ ಆಸುಪಾಸು ಬಂದರೆ ಫೇಸ್ ಮತ್ತು ಅರ್ಥ್ ನಡುವೆಯೂ ಹೆಚ್ಚುಕಡಿಮೆ ಅಷ್ಟೇ ಬರಬೇಕು. ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಎರಡು ಮೂರು ವೋಲ್ಟ್ ಮೀರಬಾರದು. ಫೇಸ್–ಅರ್ಥ್ ನಡುವೆ ನೂರು ನೂರಿಪ್ಪತ್ತು ಎಂದು ಓಲಾಡಿದರೆ ಮೂರನೇ ಪಿನ್ ಬರೀ ತೋರಿಕೆಗೆ. ನಮ್ಮ ಎರಿ ಭೂಮಿ ಬ್ಯಾಸಗಿಯಲ್ಲಿ ಒಣಗಿ ಬಿರುಕು ಬಿಡುತ್ತದೆ, ಆಗ ಮಳೆಗಾಲದಲ್ಲಿ ಚೆನ್ನಾಗಿದ್ದ ಅರ್ಥಿಂಗ್ ಕೂಡ ಸೋಲುತ್ತದೆ. ಇದ್ದಿಲು ಉಪ್ಪು ಹಾಕಿದ ಗುಂಡಿ ಇದ್ದರೆ ಮಾರ್ಚಿನಿಂದ ವಾರಕ್ಕೆ ಎರಡು ಬಕೆಟ್ ನೀರು ಹಾಕಿ.

ಯುಪಿಎಸ್ ಇಲ್ಲದೆ ಆನ್‌ಲೈನ್ ಆಟಕ್ಕೆ ಕೂರಬೇಡಿ. 600 ವಿಎ ಯುಪಿಎಸ್ ಎಂದರೆ 360 ವ್ಯಾಟ್ ಆಸುಪಾಸು. ಅದರಲ್ಲಿ 12 ವೋಲ್ಟ್ 7 ಆಂಪಿಯರ್-ಅವರ್ ಬ್ಯಾಟರಿ ಒಂದೇ. ಕಾರ್ಡ್ ಇಲ್ಲದ ಯಂತ್ರಕ್ಕೆ ಹತ್ತು ಹದಿನೈದು ನಿಮಿಷ, 250 ವ್ಯಾಟ್ ಎಳೆಯುವ ಯಂತ್ರಕ್ಕೆ ಐದು ನಿಮಿಷದ ಆಸರೆ. ಕಾರ್ಡ್ ಇದ್ದರೆ 1000 ವಿಎ ತೆಗೆದುಕೊಳ್ಳಿ. ತಂದ ದಿನವೇ ಒಂದು ಪರೀಕ್ಷೆ ಮಾಡಿ: ಆಟ ಓಡುತ್ತಿರುವಾಗ ಯುಪಿಎಸ್‌ನ ಸ್ವಿಚ್ಚನ್ನು ಗೋಡೆಯಲ್ಲಿ ಆಫ್ ಮಾಡಿ. ಅಗ್ಗದ ಯುಪಿಎಸ್ ಕೊಡುವ ಚೌಕಾಕಾರದ ಅಲೆ ಕೆಲವು ಎಸ್‌ಎಂಪಿಎಸ್‌ಗಳಿಗೆ ಹೊಂದದೆ ಕಂಪ್ಯೂಟರ್ ಆಫ್ ಆಗುತ್ತದೆ. ವಾಪಸ್ ಕೊಡುವ ಅವಧಿಯೊಳಗೇ ಇದು ಗೊತ್ತಾಗಲಿ. ಮನೆಯಲ್ಲಿ ಇನ್ವರ್ಟರ್ ಇದ್ದರೆ ಹಲವು ಮಾಡೆಲ್‌ಗಳ ಹಿಂದೆ 'ಯುಪಿಎಸ್' ಮೋಡಿಗೆ ತಿರುಗಿಸುವ ಸ್ವಿಚ್ ಇರುತ್ತದೆ. ಅದರಲ್ಲಿ ಬದಲಾವಣೆ ಬೇಗ ಆಗುವುದರಿಂದ ಕಂಪ್ಯೂಟರ್ ಬೀಳದೆ ಉಳಿಯಬಹುದು.

ಬಹಳ ಜನ ಮರೆಯುವುದು ರೂಟರ್. ಕಂಪ್ಯೂಟರ್ ಆನ್ ಇದ್ದು ಫೈಬರ್ ಡಬ್ಬಿ ಆಫ್ ಆದರೆ ಮ್ಯಾಚಿನಿಂದ ಹೊರಗೇ. ಅದರ ಅಡಾಪ್ಟರ್ ಮೇಲೆ ವೋಲ್ಟ್, ಆಂಪಿಯರ್ ಬರೆದಿರುತ್ತದೆ. ಹೆಚ್ಚಿನವು 12 ವೋಲ್ಟ್, ಅಳತೆ ನೋಡಿ ಅದಕ್ಕೆ ಹೊಂದುವ ರೂಟರ್ ಯುಪಿಎಸ್ ಹಾಕಿ. ಅಡ್ಡಮಳೆಯ ಮೋಡ ಕವಿದರೆ ಮಾತ್ರ, ಗುಡುಗು ಶುರುವಾಗುವ ಮೊದಲೇ, ಆಟ ನಿಲ್ಲಿಸಿ ಪ್ಲಗ್ ಮತ್ತು ಲ್ಯಾನ್ ಕೇಬಲ್ ಎರಡನ್ನೂ ಕಿತ್ತಿಡಿ. ಫೈಬರ್ ಎಳೆ ಸಿಡಿಲಿನ ಕರೆಂಟನ್ನು ಒಯ್ಯುವುದಿಲ್ಲ, ಆದರೆ ಮಾಳಿಗೆಯಿಂದ ಇಳಿಸಿದ ತಾಮ್ರದ ಲ್ಯಾನ್ ಕೇಬಲ್ ಒಯ್ಯುತ್ತದೆ.

ಕರೆಂಟಿನ ಲೆಕ್ಕ: 250 ವ್ಯಾಟ್ ಯಂತ್ರ ನಾಲ್ಕು ತಾಸು ಆಡಿದರೆ ಒಂದು ಯೂನಿಟ್, ತಿಂಗಳಿಗೆ ಮೂವತ್ತು. ಗೃಹಜ್ಯೋತಿ ಪಡೆಯುವ ಮನೆಗಳಲ್ಲಿ ಉಚಿತ ಯೂನಿಟ್ಟಿನ ಮಿತಿ ಆ ಮನೆಯ ಹಿಂದಿನ ಸರಾಸರಿ ಬಳಕೆಯ ಮೇಲೆ ನಿಂತಿದೆ. ಮಿತಿ ದಾಟಿದ ಯೂನಿಟ್ಟಿಗೆ ರೊಕ್ಕ ಕಟ್ಟಬೇಕು, 200 ದಾಟಿದರೆ ಪೂರ್ತಿ ಬಿಲ್ಲು. ಅಪ್ಪಾಜಿಗೆ ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಲೈನು ಸರಿ ಇದೆಯೇ

ಆಟ ಆಡಲು ಒಂದು ಎಂಬಿಪಿಎಸ್ ಕೂಡ ಬೇಡ. ವೇಗ ಬೇಕಾಗುವುದು ಡೌನ್‌ಲೋಡಿಗೆ: 40 ಎಂಬಿಪಿಎಸ್ ಲೈನಿನಲ್ಲಿ 85 ಜಿಬಿ ಇಳಿಯಲು ನಾಲ್ಕೂಮುಕ್ಕಾಲು ತಾಸು. ಆಟದಲ್ಲಿ ಲೆಕ್ಕಕ್ಕೆ ಬರುವುದು ಪಿಂಗ್ (ಸಂದೇಶ ಸರ್ವರಿಗೆ ಹೋಗಿ ಬರಲು ಹಿಡಿಯುವ ಮಿಲಿಸೆಕೆಂಡು), ಮತ್ತು ಅದು ಎಷ್ಟು ಅಲುಗಾಡದೆ ನಿಲ್ಲುತ್ತದೆ ಎಂಬುದು. ವ್ಯಾಲೊರಂಟ್‌ಗೆ ಮುಂಬೈ ಸರ್ವರ್ ಇದೆ, ಸಿಎಸ್ 2ಕ್ಕೆ ಮುಂಬೈ, ಚೆನ್ನೈ ಎರಡೂ ಇವೆ. ವ್ಯಾಲೊರಂಟ್‌ನಲ್ಲಿ ಮುಂಬೈಯನ್ನೇ ಆರಿಸಿ; ಸಿಎಸ್ 2ರಲ್ಲಿ ಸರ್ವರನ್ನು ನೇರವಾಗಿ ಆರಿಸಲು ಬರುವುದಿಲ್ಲ, ಸೆಟ್ಟಿಂಗ್‌ನಲ್ಲಿ ಗರಿಷ್ಠ ಪಿಂಗ್ ಮಿತಿ ಕಡಿಮೆ ಇಡಿ. 40ರೊಳಗೆ ಪಿಂಗ್ ಬಂದರೆ ಬಹಳ ಚೆನ್ನ, 70ರವರೆಗೆ ಆಡಬಹುದು. 35 ಇದ್ದದ್ದು 150ಕ್ಕೆ ಹಾರಿ ಮತ್ತೆ 35ಕ್ಕೆ ಬರುವುದಿದ್ದರೆ ಆಡಲಾಗದು.

ತಪ್ಪು ಯಾರದೆಂದು ಹತ್ತು ನಿಮಿಷದಲ್ಲಿ ಕಂಡುಹಿಡಿಯಬಹುದು. ಸ್ಟಾರ್ಟ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು, ಮೊದಲು ನಿಮ್ಮ ರೂಟರಿಗೆ ಪಿಂಗ್ ಮಾಡಿ. ವಿಳಾಸ ಸಾಮಾನ್ಯವಾಗಿ 192.168.1.1, ಇಲ್ಲದಿದ್ದರೆ ರೂಟರಿನ ಕೆಳಗಿನ ಚೀಟಿಯಲ್ಲಿರುತ್ತದೆ. ಐವತ್ತು ಸಲ ಹೋಗಲಿ (ping -n 50 192.168.1.1 ಎಂದು ಟೈಪ್ ಮಾಡಿ). ಕೇಬಲ್ ಇದ್ದರೆ ಎಲ್ಲವೂ 1 ಮಿಲಿಸೆಕೆಂಡ್ ಅಥವಾ ಅದಕ್ಕೂ ಕಡಿಮೆ ಬರಬೇಕು. ವೈಫೈನಲ್ಲಿ 3, 4, 90, 5, 120 ಎಂದು ಕುಣಿದರೆ ತೊಂದರೆ ಮನೆಯೊಳಗೇ ಇದೆ, ಕಂಪನಿಗೆ ದೂರು ಕೊಟ್ಟು ಉಪಯೋಗವಿಲ್ಲ. ಆಮೇಲೆ 8.8.8.8ಕ್ಕೆ (ಹೊರಗಿನ ಗೂಗಲ್ ಸರ್ವರ್) ಐವತ್ತು ಸಲ. ರೂಟರಿನವರೆಗೆ ಸಮ, ಅದರಾಚೆ ಕುಣಿತ ಎಂದಾದರೆ ಲೈನಿನದೇ ತೊಂದರೆ. ರಾತ್ರಿ ಒಂಬತ್ತರಿಂದ ಹನ್ನೊಂದರ ನಡುವೆ ಪರೀಕ್ಷೆ ಮಾಡಿ, ಆಗಲೇ ಓಣಿಯವರೆಲ್ಲ ಒಟ್ಟಿಗೆ ಬಳಸುವುದು. ಆ ಸ್ಕ್ರೀನಿನ ಫೋಟೋ ಸಮೇತ ದೂರು ಕೊಟ್ಟರೆ ಟೆಕ್ನಿಷಿಯನ್ "ಸ್ಪೀಡ್ ಬರೋಬ್ಬರಿ ಐತಲ್ರಿ" ಎಂದು ತಿರುಗಿಹೋಗಲಾರ.

ಕೇಬಲ್ ಕ್ಯಾಟ್ 6 ಇರಲಿ, ಕ್ಯಾಟ್ 5ಇ ಆದರೂ ನಡೆಯುತ್ತದೆ. ಹಳೆಯ ಮನೆಗಳ ದಪ್ಪ ಕಲ್ಲುಗೋಡೆ ದಾಟಿ ವೈಫೈ ಸರಿಯಾಗಿ ಬರುವುದಿಲ್ಲ. ಹದಿನೈದು ಮೀಟರ್ ಕೇಬಲ್ ಎಳೆಯುವುದು ದುಬಾರಿ ರೂಟರಿಗಿಂತ ಅಗ್ಗದ ಮದ್ದು. ಕೇಬಲ್ ಎಳೆಯಲು ಸಾಧ್ಯವೇ ಇಲ್ಲದಿದ್ದರೆ 5 ಗಿಗಾಹರ್ಟ್ಜ್ ವೈಫೈ ಬಳಸಿ, ರೂಟರ್ ಅದೇ ಕೋಣೆಯಲ್ಲಿರಲಿ.

ಮಾನಿಟರ್ 22ರಿಂದ 24 ಇಂಚು, 1080, ಐಪಿಎಸ್ (ಬದಿಯಿಂದ ನೋಡಿದರೂ ಬಣ್ಣ ಕೆಡದ ಪರದೆ), 100 ಹರ್ಟ್ಜ್ (ಸೆಕೆಂಡಿಗೆ ನೂರು ಸಲ ಚಿತ್ರ ಬದಲಿಸುವುದು) ಅಥವಾ ಮೇಲೆ. 5600ಜಿ ಒಂದಕ್ಕೇ 180 ಹರ್ಟ್ಜ್ ಮಾನಿಟರ್ ಬೇಡ. ಕೀಬೋರ್ಡ್ ಯಾವುದಾದರೂ ನಡೆಯುತ್ತದೆ. ಮೌಸ್ ಮತ್ತು ಹೆಡ್‌ಸೆಟ್ ವೈರಿನದು ಕೊಳ್ಳಿ.

ಸೆಕೆಂಡ್ ಹ್ಯಾಂಡ್

ಕಚೇರಿಗಳಿಂದ ಬಂದ ಎಂಟನೇ, ಒಂಬತ್ತನೇ ತಲೆಮಾರಿನ ಬ್ರಾಂಡೆಡ್ ಡೆಸ್ಕ್‌ಟಾಪ್ ಕಡಿಮೆ ರೊಕ್ಕದವರಿಗೆ ನಿಜಕ್ಕೂ ಒಳ್ಳೆಯ ದಾರಿ. ಆರು ಕೋರಿನ ಐ5-8500ಗೆ 75 ವ್ಯಾಟ್‌ನ ಜಿಟಿಎಕ್ಸ್ 1650 ಹಾಕಿದರೆ ವ್ಯಾಲೊರಂಟ್, ಜಿಟಿಎ ಎರಡೂ ಚೆನ್ನಾಗಿ ನಡೆಯುತ್ತವೆ. ಆದರೆ ಸಪೂರ ಕ್ಯಾಬಿನೆಟ್ಟಿಗೆ ಗಿಡ್ಡ ಕಾರ್ಡ್ ಮಾತ್ರ ಹಿಡಿಸುತ್ತದೆ. ಒಳಗಿನ ಎಸ್‌ಎಂಪಿಎಸ್ 200 ವ್ಯಾಟ್ ಆಸುಪಾಸಿನದು, ಪಿನ್ನುಗಳು ಕಂಪನಿಯವೇ ಬೇರೆ. ಮುಂದೆ ದೊಡ್ಡದನ್ನು ಹಾಕಲು ಬರುವುದಿಲ್ಲ. ಆದ್ದರಿಂದ 6-ಪಿನ್, 8-ಪಿನ್ ವೈರು ಬೇಡುವ 1650 ಮಾಡೆಲ್ ಬಿಟ್ಟು, ಸ್ಲಾಟಿನಿಂದಲೇ ಕರೆಂಟು ಪಡೆಯುವುದನ್ನು ಆರಿಸಿ.

ಹಳೆಯ ಕಾರ್ಡ್ ಕೊಳ್ಳುವಾಗ ಕಣ್ಣೆದುರಿಗೆ ಓಡಿಸಿ. ಜಿಪಿಯು-ಝಡ್ ಎಂಬ ಸಣ್ಣ ಉಚಿತ ಸಾಫ್ಟ್‌ವೇರ್ ಪೆನ್‌ಡ್ರೈವ್‌ನಲ್ಲಿ ಒಯ್ಯಿರಿ. ಹಳೆಯ ಎನ್‌ವಿಡಿಯಾ ಚಿಪ್ಪಿನ ಬಯೋಸ್ ತಿದ್ದಿ ಹೊಸ ಹೆಸರು ತೋರಿಸುವ ನಕಲಿ ಕಾರ್ಡುಗಳಿವೆ, ಅದು ಅಂಥವನ್ನು ಗುರುತಿಸಿ ಹೆಸರಿನ ಮೊದಲಿಗೆ 'ಫೇಕ್' ಎಂದು ತೋರಿಸುತ್ತದೆ. ಆಮೇಲೆ ಕಾರ್ಡನ್ನು ಪೂರ್ತಿ ದುಡಿಸಿ ಪರೀಕ್ಷಿಸುವ ಫರ್‌ಮಾರ್ಕ್ ಸಾಫ್ಟ್‌ವೇರ್ ಹದಿನೈದು ನಿಮಿಷ ಓಡಿಸಿ. ಬಣ್ಣದ ಚುಕ್ಕೆ, ಗೆರೆ ಮೂಡಿದರೆ ಬೇಡ. ಉಷ್ಣತೆ 85 ದಾಟಿ ಏರುತ್ತಲೇ ಇದ್ದರೂ ಬೇಡ, ಅಥವಾ ಚಿಪ್ಪಿನ ಶಾಖ ಸಾಗಿಸುವ ಪೇಸ್ಟ್ ಬದಲಿಸುವ ಖರ್ಚು ಕಳೆದು ದರ ಮಾತಾಡಿ.

ಅಂಗಡಿಯಲ್ಲಿ, ಮನೆಗೆ ತರುವಾಗ

ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಅಗ್ಗ ಎಂದು ನಾನೂರು ಕಿಲೋಮೀಟರ್ ಹೋಗುವುದು ಎಲ್ಲರಿಗೂ ಲಾಭವಲ್ಲ. ಗದಗ, ಹಾವೇರಿಯವರು ಹುಬ್ಬಳ್ಳಿಯ ಮೂರ್ನಾಲ್ಕು ಅಂಗಡಿಗಳಲ್ಲಿ ಒಂದೇ ಪಟ್ಟಿಗೆ ಕೊಟೇಶನ್ ತೆಗೆದುಕೊಳ್ಳಿ, ಆನ್‌ಲೈನ್ ದರ ಪಕ್ಕದಲ್ಲಿಡಿ. ಒಟ್ಟು ವ್ಯತ್ಯಾಸ ಸಾವಿರ ಎರಡು ಸಾವಿರದೊಳಗಿದ್ದರೆ ಊರ ಹತ್ತಿರದ ಅಂಗಡಿಯೇ ವಾಸಿ. ಕಾರ್ಡ್ ಕೆಟ್ಟರೆ ವಾರಂಟಿಗೆ ಕಳಿಸುವವರು ಯಾರು, ಎಷ್ಟು ದಿನ, ಕೊರಿಯರ್ ಖರ್ಚು ಯಾರದು ಎಂದು ಮೊದಲೇ ಕೇಳಿ. ಪ್ರೊಸೆಸರ್ 'ಟ್ರೇ' (ಕಂಪನಿಯ ಡಬ್ಬಿ ಇಲ್ಲದ ಬಿಡಿ ಮಾಲು) ಆದರೆ ಸಾಮಾನ್ಯವಾಗಿ ಮಾರಿದವರದೇ ವಾರಂಟಿ. 'ಬಾಕ್ಸ್' ಆದರೆ ಕಂಪನಿಯ ಮೂರು ವರ್ಷ, ಜೊತೆಗೆ ಇಂಥ ಸಾಧಾರಣ ಮಾಡೆಲ್‌ಗಳಿಗೆ ಕೂಲರ್ ಕೂಡ ಬರುತ್ತದೆ. ಜಿಎಸ್‌ಟಿ ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸಿ, ಡಬ್ಬಿಗಳನ್ನು ಎಸೆಯಬೇಡಿ.

ರೊಕ್ಕ ಕೊಡುವ ಮುನ್ನ ಯಂತ್ರ ಆನ್ ಮಾಡಿಸಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಪರ್ಫಾರ್ಮೆನ್ಸ್ ಪುಟದ ಮೆಮೊರಿಯಲ್ಲಿ ಎರಡು ಸ್ಲಾಟ್ ಬಳಕೆ, ವೇಗ 3200 ಎಂದಿರಬೇಕು. ಸಿಪಿಯು, ಜಿಪಿಯು ಹೆಸರು ಬಿಲ್ಲಿನದರ ಜೊತೆ ತಾಳೆಯಾಗಬೇಕು. ಆಮೇಲೆ ಸ್ಟಾರ್ಟ್‌ನಲ್ಲಿ ಸಿಸ್ಟಂ ಇನ್ಫರ್ಮೇಶನ್ ತೆರೆದು ಎರಡು ಸಾಲು ನೋಡಿ: ಬಯೋಸ್ ಮೋಡ್ 'ಯುಇಎಫ್‌ಐ', ಸೆಕ್ಯೂರ್ ಬೂಟ್ ಸ್ಟೇಟ್ 'ಆನ್'. 'ಲೆಗಸಿ' ಎಂದಿದ್ದರೆ ಡಿಸ್ಕನ್ನು ಹಳೆಯ ಎಂಬಿಆರ್ ಪದ್ಧತಿಯಲ್ಲಿ ಮಾಡಿ ವಿಂಡೋಸ್ ಹಾಕಿದ್ದಾರೆ. ಮನೆಗೆ ಹೋದ ಮೇಲೆ ವ್ಯಾಲೊರಂಟ್ 'ವ್ಯಾನ್ 9001' ಅಥವಾ '9003' ಎಂದು ನಿಲ್ಲುತ್ತದೆ. ಅಲ್ಲೇ ಜಿಪಿಟಿ ಪದ್ಧತಿಯಲ್ಲಿ ಮತ್ತೆ ಹಾಕಿಸಿ. ತಿದ್ದಿದ, ಕದ್ದ ವಿಂಡೋಸ್ ಮಾತ್ರ ಹಾಕಿಸಿಕೊಳ್ಳಬೇಡಿ. ವರ್ಷಗಟ್ಟಲೆ ಆಡಿ ಗಳಿಸಿದ ಅಕೌಂಟ್ ಅಂಥವುಗಳಿಂದ ಕಳುವಾಗಬಹುದು.

ಬಸ್ಸಿನಲ್ಲಿ ಒಯ್ಯುವುದಾದರೆ ಗ್ರಾಫಿಕ್ಸ್ ಕಾರ್ಡ್ ಬಿಚ್ಚಿಸಿ ಅದರ ಡಬ್ಬಿಯಲ್ಲೇ ಇಡಿ. ರಸ್ತೆಯ ಕುಲುಕಿಗೆ ತೂಗುವ ಕಾರ್ಡ್ ಸ್ಲಾಟನ್ನೇ ಮುರಿಯಬಲ್ಲದು. ಕ್ಯಾಬಿನೆಟ್ಟನ್ನು ಮದರ್‌ಬೋರ್ಡ್ ಕೆಳಗೆ ಬರುವಂತೆ ಮಲಗಿಸಿ, ಗಾಜಿನ ಬದಿ ಮೇಲಿರಲಿ. ಹಿಂದಿನ ಸೀಟು ಬೇಡ, ನಡುವಿನ ಸೀಟಿನಲ್ಲಿ ಕುಲುಕು ಕಡಿಮೆ.

ಮನೆಯಲ್ಲಿ ಕಾರ್ಡನ್ನು ಕ್ಲಿಕ್ ಎನ್ನುವವರೆಗೆ ಒತ್ತಿ ಕೂರಿಸಿ, ಸ್ಕ್ರೂ ಹಾಕಿ, 8-ಪಿನ್ ವೈರು ಪೂರ್ತಿ ಒಳಗೆ ಹೋಗಲಿ. ಮಾನಿಟರ್ ಕೇಬಲ್ ಚುಚ್ಚಬೇಕಾದದ್ದು ಕೆಳಗೆ ಅಡ್ಡವಾಗಿರುವ ಕಾರ್ಡಿನ ಪೋರ್ಟಿಗೆ, ಮೇಲಿನ ಮದರ್‌ಬೋರ್ಡ್ ಪೋರ್ಟಿಗಲ್ಲ. 'ಎಫ್' ಪ್ರೊಸೆಸರ್ ಆದರೆ ತಪ್ಪಿದ ಕೂಡಲೇ ಸ್ಕ್ರೀನ್ ಕಪ್ಪಾಗಿ ಗೊತ್ತಾಗುತ್ತದೆ. 'ಜಿ' ಆದರೆ ಚಿತ್ರ ಬರಬಹುದು, ಆಟವೂ ನಡೆಯಬಹುದು, ಆದರೆ ಕೊಂಡ ಕಾರ್ಡಿನ ಪೂರ್ತಿ ಲಾಭ ಸಿಗುವುದಿಲ್ಲ. ಡಿಸ್‌ಪ್ಲೇ ಸೆಟ್ಟಿಂಗ್‌ನ ಅಡ್ವಾನ್ಸ್ಡ್ ಪುಟದಲ್ಲಿ ರಿಫ್ರೆಶ್ ರೇಟ್ 60ರಿಂದ ಮಾನಿಟರಿನ ಪೂರ್ತಿ ಅಳತೆಗೆ ಬದಲಿಸಿ; ಎಷ್ಟೋ ಸಲ ವಿಂಡೋಸ್ ತಾನಾಗಿ ಬದಲಿಸುವುದಿಲ್ಲ.

ಧೂಳಿಗೆ ಎರಡು ತಿಂಗಳಿಗೊಮ್ಮೆ ಬ್ಲೋವರ್ ಹಿಡಿಯಿರಿ, ಹಿಡಿಯುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ತಡೆಹಿಡಿಯಿರಿ. ಅತಿವೇಗದಲ್ಲಿ ತಿರುಗಿದರೆ ಬೇರಿಂಗ್ ಕೆಡುತ್ತದೆ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಸುಗ್ಗಿಯ ಹೊತ್ತಿಗೆ, ಹತ್ತಿ ಜಿನ್ನಿಂಗ್ ಹತ್ತಿರದ ಮನೆಗಳಲ್ಲಿ, ತಿಂಗಳಿಗೊಮ್ಮೆ. ಮೆಣಸಿನ ಪುಡಿ ಹಾರುವ ಕಡೆ ಮೂಗಿಗೆ ಬಟ್ಟೆ ಕಟ್ಟಿಕೊಂಡು, ಯಂತ್ರವನ್ನು ಅಂಗಳಕ್ಕೆ ತಂದು ಊದಿ.